ಕುರ್‌ಆನ್ ಕಲಿಸುವ ಹಜ್ರತ್ ಎಂಥವರಾಗಿರಬೇಕು? ಮೈಸೂರು, ಮಂಡ್ಯ ಕಡೆಯ ತಂದೆತಾಯಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಉದಯಗಿರಿ, ರಾಜೀವ್ ನಗರ, ಮಂಡಿ ಮೊಹಲ್ಲಾ ಇರಲಿ, ಆ ಕಡೆ ಮಂಡ್ಯ, ಮದ್ದೂರು, ನಾಗಮಂಗಲ ಇರಲಿ, ಮಗುವನ್ನು ಮಕ್ತಬ್‌ಗೆ (ಮಕ್ಕಳಿಗೆ ಕುರ್‌ಆನ್ ಕಲಿಸುವ ಪಾಠಶಾಲೆಗೆ) ಸೇರಿಸಲು ಬಂದವರು ಮೊದಲು ಕೇಳುವುದು ಫೀಸ್ ಎಷ್ಟು, ಟೈಮ್ ಎಷ್ಟು ಅಂತ. ಕಲಿಸುವವರು ಎಂಥವರು ಅನ್ನುವುದು ಆಮೇಲೆ ನೆನಪಾಗುತ್ತದೆ. ನಿಜಕ್ಕೂ ಮೊದಲು ಕೇಳಬೇಕಾದದ್ದು ಅದನ್ನೇ. ನಮ್ಮ ಮೊಹಲ್ಲಾದ ಮಕ್ತಬ್ ಕೆಲಸದಲ್ಲಿ ನಾನೂ ಓಡಾಡುವುದರಿಂದ ಈ ಪ್ರಶ್ನೆಗಳು ನನ್ನ ಹತ್ತಿರ ಬರುತ್ತಲೇ ಇರುತ್ತವೆ. ಒಂದು ಕಡೆ ಬರೆದಿಟ್ಟರೆ ಹತ್ತು ಜನರಿಗೆ ಉಪಯೋಗ ಆಗಬಹುದು ಅಂತ ಬರೆದಿದ್ದೇನೆ.

ಹಾಫಿಜ್, ಖಾರಿ, ಆಲಿಮ್, ಇಮಾಮ್, ಎಲ್ಲರೂ ಒಂದೇನಾ?

ಅಲ್ಲ. ಹಾಫಿಜ್ ಅಂದರೆ ಇಡೀ ಕುರ್‌ಆನ್ ಬಾಯಿಪಾಠ ಇರುವವರು. ಖಾರಿ ಅಂದರೆ ತಜ್ವೀದ್, ಅಂದರೆ ಕುರ್‌ಆನ್ ಉಚ್ಚಾರದ ನಿಯಮದಂತೆ ಸರಿಯಾಗಿ ಓದಲು ಕಲಿತವರು. ಆಲಿಮ್ ಹಲವು ವರ್ಷ ಅರಬಿ, ಹದೀಸ್ (ಪ್ರವಾದಿಯವರ ನಡೆನುಡಿಯ ವರದಿಗಳು), ಫಿಕ್ಹ್ (ಧಾರ್ಮಿಕ ನಿಯಮಗಳ ಶಾಸ್ತ್ರ) ಓದಿರುತ್ತಾರೆ. ಇಮಾಮ್ ನಮಾಜ್ ಮಾಡಿಸುವವರು. ಒಬ್ಬರೇ ಈ ನಾಲ್ಕೂ ಆಗಿರಬಹುದು, ಒಂದೇ ಆಗಿರಬಹುದು. ನಮ್ಮ ಕಡೆ ಎಲ್ಲರನ್ನೂ ಹಜ್ರತ್ ಅಂತ ಕರೆದುಬಿಡುತ್ತೇವೆ, ಹೆಂಗಸರಾದರೆ ಆಪಾ. ಕರಾವಳಿಯವರು ಉಸ್ತಾದ್ ಅನ್ನುತ್ತಾರೆ.

ಒಂದು ಮಾತು ಮಾತ್ರ ಗಮನದಲ್ಲಿರಲಿ. ಬಾಯಿಪಾಠ ಇದ್ದವರಿಗೆಲ್ಲ ಕಲಿಸಲು ಬರುತ್ತದೆ ಅಂತೇನಿಲ್ಲ. ಐದು ವರ್ಷದ ಮಗುವಿನ ಜೊತೆ ಕೂರುವುದು ಬೇರೆಯೇ ವಿದ್ಯೆ.

ಇಸ್ಲಾಮಿನಲ್ಲಿ ಕುರ್‌ಆನ್ ಕಲಿಸುವವರಿಗೆ ಎಷ್ಟು ದೊಡ್ಡ ಸ್ಥಾನ?

"ಕುರ್‌ಆನ್ ಕಲಿತು ಅದನ್ನು ಕಲಿಸುವವರೇ ನಿಮ್ಮಲ್ಲಿ ಉತ್ತಮರು" ಅಂತ ಪ್ರವಾದಿ ಮುಹಮ್ಮದ್ (ಸ) ಹೇಳಿದ್ದು ಬುಖಾರಿ ಹದೀಸ್ ಸಂಗ್ರಹದಲ್ಲಿದೆ. ಮಕ್ತಬ್ ಗೋಡೆಗಳ ಮೇಲೆ ಇದನ್ನು ಬರೆದಿರುವುದನ್ನು ನೋಡಿರುತ್ತೀರಿ. ಆದರೆ ಅದೇ ಹದೀಸ್ ಜೊತೆಗೆ ಬರುವ ಇನ್ನೊಂದು ಸಂಗತಿ ಅಷ್ಟಾಗಿ ಯಾರಿಗೂ ಗೊತ್ತಿಲ್ಲ.

ಈ ಮಾತನ್ನು ಮೂರನೇ ಖಲೀಫ ಹಜ್ರತ್ ಉಸ್ಮಾನ್ (ರ) ಅವರಿಂದ ವರದಿ ಮಾಡಿದವರು ಅಬೂ ಅಬ್ದುರ್ರಹ್ಮಾನ್ ಅಸ್ಸುಲಮಿ. ಇರಾಕಿನ ಕೂಫಾ ಊರಿನವರು. ಉಸ್ಮಾನ್ ಅವರ ಕಾಲದಲ್ಲಿ ಕುರ್‌ಆನ್ ಕಲಿಸಲು ಕೂತವರು, ಎಷ್ಟೋ ವರ್ಷದ ಮೇಲೆ ಇರಾಕಿನಲ್ಲಿ ಹಜ್ಜಾಜ್ ಅನ್ನುವ ಅಧಿಕಾರಿ ಆಳುವ ಕಾಲ ಬಂದರೂ ಕಲಿಸುತ್ತಲೇ ಇದ್ದರು. "ನನ್ನನ್ನು ಈ ಜಾಗದಲ್ಲಿ ಕೂರಿಸಿದ್ದು ಆ ಮಾತೇ" ಅನ್ನುತ್ತಿದ್ದರು. ಅವರ ಹತ್ತಿರ ಕಲಿತವರಲ್ಲಿ ಆಸಿಮ್ ಒಬ್ಬರು. ಆಸಿಮ್ ಅವರಿಂದ ಹಫ್ಸ್ ಕಲಿತರು. ಇವತ್ತು ಮೈಸೂರು, ಮಂಡ್ಯದ ಮಸೀದಿಗಳಲ್ಲಿ, ಲೋಕದ ಬಹುಪಾಲು ಮುಸ್ಲಿಮರ ಮನೆಗಳಲ್ಲಿ ಓದುವ ಕುರ್‌ಆನ್ ಪಾಠ ಈ ಹಫ್ಸ್ ಕಲಿಸಿದ ರೀತಿಯದ್ದು. ಕೂಫಾದ ಆ ಶಿಕ್ಷಕರು ಬೇಜಾರು ಮಾಡಿಕೊಂಡು ಎದ್ದು ಹೋಗಿದ್ದರೆ? ಯೋಚನೆ ಮಾಡಿ. ನಮ್ಮ ಬೀದಿಯ ಮಕ್ತಬ್‌ನಲ್ಲಿ ಚಾಪೆ ಮೇಲೆ ಕೂತ ಹಜ್ರತ್ ಕೂಡ ಅದೇ ಸರಪಳಿಯವರು.

ಸರಿಯಾಗಿ ಓದಲು ಬಂದರೆ ಸಾಲದಾ? ಗುಣ, ನಡತೆ ಯಾಕೆ ನೋಡಬೇಕು?

ಸಾಲದು. ಇದಕ್ಕೆ ಇತಿಹಾಸದಲ್ಲೇ ಉತ್ತರ ಇದೆ. ಪ್ರವಾದಿ (ಸ) ಮದೀನಾಕ್ಕೆ ಹೋಗುವ ಮೊದಲು, ಅಂದರೆ 622ಕ್ಕೂ ಮುಂಚೆ, ಅಲ್ಲಿನವರಿಗೆ ಕುರ್‌ಆನ್ ಕಲಿಸಲು ಒಬ್ಬ ಯುವಕನನ್ನು ಕಳಿಸಿದರು. ಅವರೇ ಮುಸ್‌ಅಬ್ ಬಿನ್ ಉಮೈರ್. ಅನುಕೂಲಸ್ಥರ ಮನೆಯ ಹುಡುಗ, ನಂಬಿಕೆಗಾಗಿ ಎಲ್ಲ ಬಿಟ್ಟು ಬಂದವರು. ಒಂದು ದಿನ ತೋಟದಲ್ಲಿ ಕೂತು ಜನರಿಗೆ ಕಲಿಸುತ್ತಿದ್ದಾಗ ಉಸೈದ್ ಬಿನ್ ಹುದೈರ್ ಅನ್ನುವ ಮುಖಂಡ ಭರ್ಜಿ ಹಿಡಿದು ಬಂದು ಬೈಯಲು ಶುರು ಮಾಡಿದರು. ಜೀವದ ಆಸೆ ಇದ್ದರೆ ಇಲ್ಲಿಂದ ಹೊರಡಿ ಅಂದರು. ಮುಸ್‌ಅಬ್ ದನಿ ಏರಿಸಲಿಲ್ಲ. "ಸ್ವಲ್ಪ ಹೊತ್ತು ಕೂತು ಕೇಳಿ. ಇಷ್ಟವಾದರೆ ಒಪ್ಪಿಕೊಳ್ಳಿ, ಇಲ್ಲದಿದ್ದರೆ ನಿಲ್ಲಿಸುತ್ತೇವೆ" ಅಂದರು. ನ್ಯಾಯವಾದ ಮಾತು ಅಂದ ಉಸೈದ್, ಭರ್ಜಿಯನ್ನು ನೆಲಕ್ಕೆ ನೆಟ್ಟು ಕೂತರು.

ಮುಂದೆ ಅದೇ ಉಸೈದ್ ರಾತ್ರಿ ಹೊತ್ತು ಮಧುರವಾಗಿ ಕುರ್‌ಆನ್ ಓದುವುದಕ್ಕೆ ಹೆಸರಾದರು. ಭರ್ಜಿ ಹಿಡಿದು ಬಂದವರನ್ನು ಕೂರಿಸಿದ್ದು ಮುಸ್‌ಅಬ್ ಅವರ ಸ್ವಭಾವ. ಓದಿನ ಸೊಗಸು ಕಿವಿಗೆ ಬಿದ್ದದ್ದು ಆಮೇಲೆ. ಮಕ್ಕಳ ವಿಷಯದಲ್ಲೂ ಹಾಗೆಯೇ ಆಗುತ್ತದೆ. ಹಜ್ರತ್ ಸಲಾಮ್ ಹೇಳುವ ರೀತಿ, ಕಸ ಗುಡಿಸಲು ಬರುವವರ ಜೊತೆ ಮಾತಾಡುವ ರೀತಿ, ಕೋಪ ಬಂದಾಗ ಏನು ಮಾಡುತ್ತಾರೆ ಅನ್ನುವುದು, ಇದನ್ನೆಲ್ಲ ಮಗು ಅಕ್ಷರಕ್ಕಿಂತ ಮೊದಲೇ ಕಲಿತುಬಿಡುತ್ತದೆ.

ಮಕ್ತಬ್‌ನಲ್ಲಿ ನಿಜವಾಗಿ ಏನು ಕಲಿಸುತ್ತಾರೆ?

ಮೊದಲು ಕಾಯ್ದಾ, ಅಂದರೆ ಅರಬಿ ಅಕ್ಷರ ಕಲಿಸುವ ಮೊದಲ ಪುಸ್ತಕ. ಹೆಚ್ಚಿನ ಕಡೆ ನೂರಾನಿ ಕಾಯ್ದಾ. ಅದರ ಒಂದೊಂದು ಪಾಠಕ್ಕೆ ತಖ್ತಿ ಅನ್ನುತ್ತಾರೆ. ಬಿಡಿ ಅಕ್ಷರ, ಕೂಡಿಸಿದ ಅಕ್ಷರ, ಆಮೇಲೆ ಜಬರ್, ಜೇರ್, ಪೇಶ್ ಅನ್ನುವ ಸ್ವರ ಚಿಹ್ನೆಗಳು. "ಬಾ ಜಬರ್ ಬ, ಬಾ ಜೇರ್ ಬಿ, ಬಾ ಪೇಶ್ ಬು" ಅಂತ ಮಕ್ಕಳು ರಾಗವಾಗಿ ಹೇಳುವುದನ್ನು ಬೆಳಿಗ್ಗೆ ಮಸೀದಿ ಪಕ್ಕ ಹಾದುಹೋದವರೆಲ್ಲ ಕೇಳಿರುತ್ತಾರೆ. ಕಾಯ್ದಾ ಮುಗಿದ ಮೇಲೆ ಅಮ್ಮ ಪಾರಾ, ಅಂದರೆ 30ನೇ ಭಾಗ. ಅಲ್ಲಿ ಸಣ್ಣ ಸಣ್ಣ ಸೂರಾಗಳಿವೆ (ಸೂರಾ ಅಂದರೆ ಅಧ್ಯಾಯ). ಅದಾದ ಮೇಲೆ 30 ಪಾರಾಗಳ, 114 ಸೂರಾಗಳ ಇಡೀ ಕುರ್‌ಆನ್ ನೋಡಿ ಓದುವುದು. ಇದಕ್ಕೆ ನಾಜಿರಾ ಅನ್ನುತ್ತಾರೆ. ಜೊತೆಗೆ ವಜು (ನಮಾಜ್‌ಗೆ ಮುಂಚೆ ಕೈಕಾಲು ಮುಖ ತೊಳೆಯುವುದು), ನಮಾಜ್, ದುಆ (ಪ್ರಾರ್ಥನೆ), ದೊಡ್ಡವರ ಜೊತೆ ನಡೆದುಕೊಳ್ಳುವ ರೀತಿ.

ನಮ್ಮ ಕಡೆಯ ಮಕ್ಕಳಿಗೆ ಒಂದು ವಿಶೇಷ ಕಷ್ಟ ಇದೆ. ಮೈಸೂರಿನ ಮನೆಗಳಲ್ಲಿ ಆಡುವ ದಖನಿ ಉರ್ದುವಿನಲ್ಲಿ, ನಾಲಿಗೆಯ ಬುಡದಿಂದ ಹೇಳಬೇಕಾದ 'ಕಾಫ್' (ق) ಅಕ್ಷರ 'ಖ' ಆಗಿಬಿಡುತ್ತದೆ. ಕರೀಬ್ ಅನ್ನಬೇಕಾದ ಕಡೆ ಖರೀಬ್ ಅನ್ನುತ್ತೇವೆ. ಮಾತಿನಲ್ಲಿ ಅದು ಚೆಂದವೇ. ಆದರೆ ಕುರ್‌ಆನ್ ಓದುವಾಗ ಅಕ್ಷರ ಬದಲಾದರೆ ಅರ್ಥವೂ ಬದಲಾಗುತ್ತದೆ. ಇನ್ನು ನಾವು ಸುಮ್ನೆ ಒಂದು 'ಸ' ಅನ್ನುವ ಕಡೆ ಅರಬಿಯಲ್ಲಿ ಮೂರು ಬೇರೆ ಅಕ್ಷರಗಳಿವೆ. 'ಹ' ಎರಡಿವೆ. ಒಂದು ಗಂಟಲಿನ ತಳದಿಂದ, ಇನ್ನೊಂದು ಗಂಟಲಿನ ನಡುವಿನಿಂದ.

ಒಳ್ಳೆಯ ಶಿಕ್ಷಕರು ಇದನ್ನು ಹೇಗೆ ತಿದ್ದುತ್ತಾರೆ ನೋಡಿ. ಮಗು ರಿಹಾಲ್ (ಕುರ್‌ಆನ್ ಇಡುವ ಮಡಚುವ ಪೀಠ) ಮುಂದೆ ಕೂತು ಬೆರಳಿಟ್ಟು ಓದುತ್ತದೆ, ತಪ್ಪುತ್ತದೆ. ಹಜ್ರತ್ ಮಗುವಿನ ಬೆರಳನ್ನು ಅದೇ ಅಕ್ಷರದ ಮೇಲೆ ವಾಪಸ್ ಇಟ್ಟು ತಾವೇ ಒಮ್ಮೆ ಹೇಳುತ್ತಾರೆ. ಬಾಯಿ ಸ್ವಲ್ಪ ತೆರೆದು ನಾಲಿಗೆ ಎಲ್ಲಿ ತಾಗುತ್ತದೆ ಅಂತ ತೋರಿಸುತ್ತಾರೆ. ಮದ್ದ್ ಬಂದ ಕಡೆ ದನಿ ಎಷ್ಟು ಎಳೆಯಬೇಕು ಅನ್ನುವುದಕ್ಕೆ ಒಂದೊಂದೇ ಬೆರಳು ಮಡಚುತ್ತಾರೆ. ಎರಡು ಬೆರಳು, ನಾಲ್ಕು ಬೆರಳು, ಕೆಲವು ಕಡೆ ಆರು. ಮಗು ಆ ಬೆರಳನ್ನೇ ನೋಡುತ್ತಾ ಉಸಿರು ಹಿಡಿಯುತ್ತದೆ. ಈ ಕೆಲಸಕ್ಕೆ ಬೇಕಾದ ತಾಳ್ಮೆ ಪುಸ್ತಕ ಓದಿ ಬರುವುದಲ್ಲ.

ಮೊಬೈಲ್ ಆ್ಯಪ್, ಯೂಟ್ಯೂಬ್ ಇದೆಯಲ್ಲ? ಶಿಕ್ಷಕರು ಬೇಕೇ ಬೇಕಾ?

ಬೇಕು. ಆ್ಯಪ್‌ನಲ್ಲಿ ಒಳ್ಳೆಯ ಖಾರಿಗಳ ಓದನ್ನು ಕೇಳಿಸಿ, ತುಂಬಾ ಒಳ್ಳೆಯದು. ಆದರೆ ಮಗು ಓದಿದ್ದನ್ನು ಎದುರು ಕೂತು ಕೇಳುವವರು ಬೇಕು. ಕುರ್‌ಆನ್ ಶುರುವಿನಿಂದಲೂ ಹೀಗೆಯೇ ಬಾಯಿಂದ ಕಿವಿಗೆ, ಕಿವಿಯಿಂದ ಬಾಯಿಗೆ ಬಂದಿದೆ. ಊರಿನಲ್ಲಿ ಯಾರೂ ಸಿಗದಿದ್ದರೆ ವಿಡಿಯೊ ಕರೆಯಲ್ಲಿ ಕಲಿಸುವವರೂ ಆಗಬಹುದು. ಆದರೆ ಮನೆಯ ದೊಡ್ಡವರು ಅದೇ ಕೋಣೆಯಲ್ಲಿರಲಿ.

ಯಾವ ವಯಸ್ಸಿಗೆ ಸೇರಿಸಬೇಕು?

ಮಗು 4 ವರ್ಷ, 4 ತಿಂಗಳು, 4 ದಿನ ತುಂಬಿದಾಗ ಬಿಸ್ಮಿಲ್ಲಾ ಮಾಡಿಸುವ, ಅಂದರೆ ಓದು ಶುರು ಮಾಡಿಸುವ ಪದ್ಧತಿ ಹಲವು ಮನೆಗಳಲ್ಲಿದೆ. ಅದು ಪದ್ಧತಿ, ಕಡ್ಡಾಯ ಏನಲ್ಲ. ಐದು, ಆರು ವರ್ಷಕ್ಕೆ ಶುರು ಮಾಡಿದರೂ ಏನೂ ತಡ ಆಗಿರುವುದಿಲ್ಲ.

ಒಳ್ಳೆಯ ಶಿಕ್ಷಕರನ್ನು ಗುರುತಿಸುವುದು ಹೇಗೆ?

ಸರ್ಟಿಫಿಕೇಟ್ ಕೇಳಿ, ತಪ್ಪಿಲ್ಲ. ಎಲ್ಲಿ ಕಲಿತರು, ಯಾರ ಹತ್ತಿರ ಕಲಿತರು ಅಂತಲೂ ಕೇಳಿ. ಒಳ್ಳೆಯವರು ತಮ್ಮ ಉಸ್ತಾದರ ಹೆಸರನ್ನು ಖುಷಿಯಿಂದ ಹೇಳುತ್ತಾರೆ. ಆಮೇಲೆ ಒಂದು ದಿನ ಕ್ಲಾಸಿನ ಮೂಲೆಯಲ್ಲಿ ಸುಮ್ನೆ ಕೂತು ನೋಡಿ. ಚುರುಕಾಗಿ ಓದುವ ಮಗುವಿನ ಕಡೆ ನೋಡಬೇಡಿ. ತಡವರಿಸುವ ಮಗುವಿನ ಸರದಿ ಬಂದಾಗ ಹಜ್ರತ್ ಮುಖ ಹೇಗಾಗುತ್ತದೆ ಅಂತ ನೋಡಿ. ಅಲ್ಲೇ ಎಲ್ಲ ಗೊತ್ತಾಗುತ್ತದೆ.

ಟೈಮಿಗೆ ಸರಿಯಾಗಿ ಬರುತ್ತಾರಾ? ಅನುಕೂಲಸ್ಥರ ಮಗುವಿಗೂ ಬೀಡಿ ಕಟ್ಟುವವರ ಮಗುವಿಗೂ ಒಂದೇ ಸಮಯ ಕೊಡುತ್ತಾರಾ? ತಮಗೆ ಗೊತ್ತಿಲ್ಲದ್ದನ್ನು ಕೇಳಿದಾಗ "ಗೊತ್ತಿಲ್ಲ, ಕೇಳಿ ಹೇಳುತ್ತೇನೆ" ಅನ್ನುತ್ತಾರಾ? ಈ ಕೊನೆಯದಕ್ಕೆ ನಾನು ಎಲ್ಲಕ್ಕಿಂತ ಜಾಸ್ತಿ ಬೆಲೆ ಕೊಡುತ್ತೇನೆ. ಇನ್ನೊಂದು ಜಮಾಅತ್‌ನವರನ್ನು, ಬೇರೆ ಧರ್ಮದವರನ್ನು ಮಕ್ಕಳ ಮುಂದೆ ಹೀಯಾಳಿಸುವವರು ಎಷ್ಟೇ ಇಂಪಾಗಿ ಓದಲಿ, ನನ್ನ ಮಗುವನ್ನು ಅವರ ಮುಂದೆ ಕೂರಿಸುವುದಿಲ್ಲ. ಪ್ರವಾದಿಯವರ (ಸ) ನಡತೆ ಹೇಗಿತ್ತು ಅಂತ ಕೇಳಿದಾಗ "ಅವರ ನಡತೆ ಕುರ್‌ಆನೇ ಆಗಿತ್ತು" ಅಂತ ಅವರ ಪತ್ನಿ ಹಜ್ರತ್ ಆಯಿಶಾ (ರ) ಹೇಳಿದ್ದರು. ಕುರ್‌ಆನ್ ಕಲಿಸುವವರಿಂದ ಅದರ ಒಂದು ಪಾಲನ್ನಾದರೂ ನಿರೀಕ್ಷೆ ಮಾಡಬೇಡವಾ?

ಹಿಂದಿನ ಕಾಲದಲ್ಲಿ ಕೋಲಿಲ್ಲದೆ ಪಾಠ ಇರಲಿಲ್ಲ. ಸ್ವಲ್ಪ ಹೊಡೆದರೆ ತಪ್ಪೇನು?

ತಪ್ಪು. ಇದರಲ್ಲಿ ನನಗೆ ಎರಡು ಮಾತಿಲ್ಲ. "ಹಜ್ರತ್, ಚರ್ಮ ನಿಮ್ಮದು, ಮೂಳೆ ನಮ್ಮದು" ಅಂತ ಹೇಳಿ ಮಗುವನ್ನು ಬಿಟ್ಟು ಹೋಗುವ ಹಿರಿಯರು ಈಗಲೂ ಇದ್ದಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಒಪ್ಪುತ್ತೇನೆ. ಆದರೂ ಆ ಮಾತು ನಿಲ್ಲಬೇಕು.

'ಸಹೀಹ್ ಮುಸ್ಲಿಮ್' ಅನ್ನುವ ಹದೀಸ್ ಸಂಗ್ರಹದಲ್ಲಿ ಮುಆವಿಯಾ ಬಿನ್ ಹಕಮ್ ಅನ್ನುವವರ ಅನುಭವ ಇದೆ. ಅವರು ನಮಾಜ್ ನಡುವೆಯೇ ಮಾತಾಡಿಬಿಟ್ಟರು. ಸುತ್ತಲಿದ್ದವರು ಗುರಾಯಿಸಿದರು, ತಮ್ಮ ತೊಡೆ ತಟ್ಟಿ ಸುಮ್ಮನಿರಿಸಿದರು. ನಮಾಜ್ ಮುಗಿದ ಮೇಲೆ ಪ್ರವಾದಿ (ಸ) ಅವರಿಗೆ ನಿಧಾನವಾಗಿ ತಿಳಿಸಿ ಹೇಳಿದರು. "ಅವರಿಗಿಂತ ಒಳ್ಳೆಯ ಶಿಕ್ಷಕರನ್ನು ನಾನು ಮೊದಲೂ ನೋಡಲಿಲ್ಲ, ಆಮೇಲೂ ನೋಡಲಿಲ್ಲ. ಗದರಿಸಲಿಲ್ಲ, ಹೊಡೆಯಲಿಲ್ಲ, ಬೈಯಲಿಲ್ಲ" ಅಂತ ಮುಆವಿಯಾ ನೆನಪಿಸಿಕೊಳ್ಳುತ್ತಾರೆ. ದೊಡ್ಡವರ ತಪ್ಪನ್ನೇ ಹೀಗೆ ತಿದ್ದಿದವರು ಮಗುವಿನ ತಪ್ಪಿಗೆ ಕೋಲು ಹಿಡಿಯಿರಿ ಅನ್ನುತ್ತಿದ್ದರಾ?

14ನೇ ಶತಮಾನದ ಇತಿಹಾಸಕಾರ ಇಬ್ನ್ ಖಲ್ದೂನ್ ಕೂಡ ಇದನ್ನೇ ಬರೆದರು. ಕಠಿಣವಾಗಿ ಕಲಿಸಿದರೆ ಮಕ್ಕಳು ಹುರುಪು ಕಳೆದುಕೊಳ್ಳುತ್ತಾರೆ, ಸೋಮಾರಿಗಳಾಗುತ್ತಾರೆ, ಪೆಟ್ಟು ತಪ್ಪಿಸಿಕೊಳ್ಳಲು ಸುಳ್ಳು ಹೇಳುವುದನ್ನು ಕಲಿಯುತ್ತಾರೆ ಅಂತ. ಆರುನೂರು ವರ್ಷಕ್ಕೂ ಹಿಂದೆ ಬರೆದದ್ದು. ನಮ್ಮ ಬೀದಿಯಲ್ಲಿ ಮಕ್ತಬ್ ಟೈಮಿಗೆ ಹೊಟ್ಟೆನೋವು ಅನ್ನುವ ಹುಡುಗನನ್ನು ನೋಡಿಯೇ ಬರೆದ ಹಾಗಿದೆ.

ಕಾನೂನೂ ಇದೆ. 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ, ಮಗುವಿನ ಜವಾಬ್ದಾರಿ ಹೊತ್ತವರೇ ಅದಕ್ಕೆ ಹಿಂಸೆ ಕೊಟ್ಟರೆ 3 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಮಕ್ತಬ್ ಆಗಲಿ, ಟ್ಯೂಷನ್ ಆಗಲಿ, ವ್ಯತ್ಯಾಸ ಇಲ್ಲ.

ನನ್ನ ಮಗ ತುಂಬಾ ನಿಧಾನ. ಅವನ ಜೊತೆಯವರೆಲ್ಲ ಪಾರಾ ಮುಗಿಸಿದರು. ಏನು ಮಾಡಲಿ?

ಹೋಲಿಕೆ ಬಿಡಿ, ಅಷ್ಟೇ. ತಡವರಿಸುತ್ತಾ, ಕಷ್ಟಪಟ್ಟು ಓದುವವರಿಗೆ ಎರಡು ಪಟ್ಟು ಪುಣ್ಯ ಅಂತ ಬುಖಾರಿ, ಮುಸ್ಲಿಮ್ ಎರಡರಲ್ಲೂ ಹದೀಸ್ ಇದೆ. ಈ ಮಾತನ್ನು ಮಗುವಿಗೆ ಹೇಳಿ. ಹಜ್ರತ್ ಅವರ ಬಾಯಲ್ಲೂ ಹೇಳಿಸಿ. ಕಣ್ಣು, ಕಿವಿ ಒಮ್ಮೆ ಡಾಕ್ಟರಿಗೆ ತೋರಿಸುವುದೂ ಒಳ್ಳೆಯದು. ಅಕ್ಷರ ಕಾಣಿಸದೆ ಹಿಂದೆ ಬಿದ್ದ ಮಕ್ಕಳು ಬೇಕಾದಷ್ಟಿದ್ದಾರೆ.

ಹಿಫ್ಜ್‌ಗೆ ಹಾಕಬೇಕು ಅಂತಿದ್ದೇವೆ. ಶಾಲೆ ಬಿಡಿಸಬೇಕಾ?

ಬಿಡಿಸಬೇಡಿ ಅಂತಲೇ ನನ್ನ ಸಲಹೆ. ಹಿಫ್ಜ್ ಅಂದರೆ ಇಡೀ ಕುರ್‌ಆನ್ ಬಾಯಿಪಾಠ ಮಾಡುವುದು. ಅದರ ದಿನಚರಿ ಸುಲಭದ್ದಲ್ಲ. ಇವತ್ತಿನ ಹೊಸ ಪಾಠಕ್ಕೆ ಸಬಕ್ ಅನ್ನುತ್ತಾರೆ. ಹಿಂದಿನ ಕೆಲವು ದಿನಗಳ ಪಾಠ ಒಪ್ಪಿಸುವುದು ಸಬ್ಕಿ. ಅದಕ್ಕೂ ಹಳೆಯದನ್ನು ಪಾಳಿ ಹಾಕಿಕೊಂಡು ಓದುವುದು ಮಂಜಿಲ್. ಹೊಸ ಸಬಕ್ ಎಷ್ಟಾಯಿತು ಅಂತ ಮಾತ್ರ ಕೇಳುವ ತಂದೆಯೇ ಜಾಸ್ತಿ. ಮಂಜಿಲ್ ಬಿಟ್ಟರೆ ಕಲಿತದ್ದು ಕೈಜಾರುತ್ತದೆ. ಅವಸರ ಮಾಡದೆ ಹಳೆಯದನ್ನು ಗಟ್ಟಿ ಮಾಡಿಸುವ ಉಸ್ತಾದರೇ ನಿಜವಾದ ಹಿಫ್ಜ್ ಉಸ್ತಾದರು.

ಶಾಲೆಯ ಜೊತೆಗೇ ಬೆಳಿಗ್ಗೆ, ಸಂಜೆ ಹಿಫ್ಜ್ ಮಾಡಿಸುವ ಕಡೆ ನೋಡಿ. ಪೂರ್ತಿ ಸಮಯದ ಮದ್ರಸಾಕ್ಕೇ ಸೇರಿಸಿದರೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲಕ ಹತ್ತನೇ ತರಗತಿ ಪರೀಕ್ಷೆ ಬರೆಸುವ ದಾರಿ ಇದೆ. ಸೇರಿಸುವ ಮೊದಲೇ ಆ ಬಗ್ಗೆ ಮಾತಾಡಿಕೊಳ್ಳಿ. ಎಲ್ಲಕ್ಕಿಂತ ಮೊದಲು ಮಗುವಿಗೆ ಮನಸ್ಸಿದೆಯಾ ಅಂತ ಕೇಳಿ.

ಅರ್ಥ ಗೊತ್ತಿಲ್ಲದೆ ಓದಿಸಿ ಏನು ಪ್ರಯೋಜನ? ನಮ್ಮ ಹಜ್ರತ್‌ಗೆ ಕನ್ನಡವೇ ಬರುವುದಿಲ್ಲ.

ಓದುವುದಕ್ಕೇ ಪುಣ್ಯ ಇದೆ ಅನ್ನುವುದು ನಮ್ಮ ನಂಬಿಕೆ. ಆದರೆ ಅಲ್ಲಿಗೇ ನಿಲ್ಲಬಾರದು ಅನ್ನುವ ನಿಮ್ಮ ಬೇಸರ ಸರಿಯಾದದ್ದೇ. ಬಿಹಾರ, ಉತ್ತರ ಪ್ರದೇಶದ ಕಡೆಯಿಂದ ಬಂದ ಹಜ್ರತ್‌ಗಳು ನಮ್ಮಲ್ಲಿ ಇದ್ದಾರೆ. ಮನೆ ಮಂದಿಯನ್ನು ಬಿಟ್ಟು ದೂರ ಬಂದು ನಮ್ಮ ಮಕ್ಕಳಿಗೆ ಕಲಿಸುತ್ತಾರೆ. ಮಂಡ್ಯದ ಹಳ್ಳಿಯಲ್ಲಿ ಕನ್ನಡ ಶಾಲೆಗೆ ಹೋಗುವ ಮಗುವಿಗೆ ಅವರ ಉರ್ದು ಅರ್ಧ ಮಾತ್ರ ಅರ್ಥವಾಗುತ್ತದೆ. ಅವರು ನಾಲ್ಕು ಮಾತು ಕನ್ನಡ ಕಲಿತರೆ ಮಕ್ಕಳ ಮುಖವೇ ಬೇರೆ ಆಗುತ್ತದೆ. ಕಲಿಸಿಕೊಡುವುದು ನಮ್ಮ ಕೆಲಸ. ಕಮಿಟಿಯವರು, ಅಕ್ಕಪಕ್ಕದ ಹುಡುಗರು ಸೇರಿದರೆ ಅದೇನು ದೊಡ್ಡ ವಿಷಯವಲ್ಲ.

ಕುರ್‌ಆನ್ ಅನುವಾದಗಳು ಕನ್ನಡದಲ್ಲಿವೆ. ಮಗು ಅಮ್ಮ ಪಾರಾದ ಸೂರಾ ಒಪ್ಪಿಸಿದ ದಿನ, ಮನೆಯಲ್ಲಿ ಅದೇ ಸೂರಾದ ಕನ್ನಡ ಅರ್ಥ ಓದಿ ಹೇಳಿ. ಅನಾಥನ ಮೇಲೆ ದಬ್ಬಾಳಿಕೆ ಮಾಡಬೇಡಿ, ಕೇಳಲು ಬಂದವರನ್ನು ಗದರಿಸಬೇಡಿ ಅಂತ ದುಹಾ ಸೂರಾದಲ್ಲಿ ಇರುವುದು ಗೊತ್ತಾದಾಗ ಮಗು ಎಂಥ ಪ್ರಶ್ನೆ ಕೇಳುತ್ತದೆ ನೋಡಿ.

ಹೆಣ್ಣುಮಕ್ಕಳಿಗೆ ಆಪಾ ಇದ್ದರೆ ಒಳ್ಳೆಯದಾ? ಹೆಂಗಸರು ಕುರ್‌ಆನ್ ಕಲಿಸಬಹುದಾ?

ಧಾರಾಳವಾಗಿ. ಮೊದಲ ಖಲೀಫ ಅಬೂಬಕರ್ (ರ) ಕಾಲದಲ್ಲಿ ಒಟ್ಟುಗೂಡಿಸಿದ ಕುರ್‌ಆನ್ ಪ್ರತಿ, ಎರಡನೇ ಖಲೀಫ ಉಮರ್ (ರ) ನಂತರ ಇದ್ದದ್ದು ಅವರ ಮಗಳು ಹಫ್ಸಾ (ರ) ಅವರ ಹತ್ತಿರ. ನಮ್ಮ ಮೊಹಲ್ಲಾಗಳಲ್ಲಿ ಮಧ್ಯಾಹ್ನ ಮನೆಯ ಹಜಾರದಲ್ಲೇ ಮಕ್ಕಳನ್ನು ಕೂರಿಸಿಕೊಂಡು ಕಲಿಸುವ ಆಪಾಗಳಿದ್ದಾರೆ. ಒಲೆ ಮೇಲೆ ಅನ್ನ ಇಟ್ಟು, ಒಂದು ಕಿವಿ ಕುಕ್ಕರ್ ಕಡೆ, ಒಂದು ಕಿವಿ ಮಗುವಿನ ಓದಿನ ಕಡೆ. ತಪ್ಪು ಓದಿದರೆ ಅಡುಗೆಮನೆಯಿಂದಲೇ ತಿದ್ದುತ್ತಾರೆ. ಇವರ ಹೆಸರು ಯಾವ ಸನ್ಮಾನ ಪತ್ರದಲ್ಲೂ ಬರುವುದಿಲ್ಲ, ಫೀಸನ್ನೂ ಬಾಯಿಬಿಟ್ಟು ಕೇಳುವುದಿಲ್ಲ. ನೀವೇ ತಿಳಿದು ಕೊಡಿ.

ಕುರ್‌ಆನ್ ಕಲಿಸಲು ಸಂಬಳ ತೆಗೆದುಕೊಳ್ಳುವುದು ಸರಿಯಾ?

ಹಿಂದಿನ ಹನಫಿ ಪಂಥದ ವಿದ್ವಾಂಸರು ಬೇಡ ಅಂದಿದ್ದರು. ಆಗ ಶಿಕ್ಷಕರಿಗೆ ಸರ್ಕಾರದ ಖಜಾನೆಯಿಂದ ನೆರವು ಸಿಗುತ್ತಿತ್ತು. ಅದು ನಿಂತ ಮೇಲೆ, ಸಂಬಳ ಇಲ್ಲದಿದ್ದರೆ ಕಲಿಸುವವರೇ ಇರುವುದಿಲ್ಲ ಅಂತ ನಂತರದ ಹನಫಿ ವಿದ್ವಾಂಸರು ಒಪ್ಪಿದರು. ಶಾಫಿಈ ಪಂಥದಲ್ಲಿ ಮೊದಲಿನಿಂದಲೂ ಒಪ್ಪಿಗೆ ಇದೆ.

ಹಾಗಾಗಿ ಪ್ರಶ್ನೆಯನ್ನು ತಿರುಗಿಸಿ ಕೇಳೋಣ. ನಾವು ಕೊಡುತ್ತಿರುವುದು ಸರಿಯಾಗಿದೆಯಾ? ಶಾಲೆಯ ವ್ಯಾನಿಗೆ, ಕರಾಟೆ ಕ್ಲಾಸಿಗೆ ಕೇಳಿದಷ್ಟು ಕೊಡುತ್ತೇವೆ. ಹಜ್ರತ್ ಫೀಸ್ ಬಂದಾಗ ಚೌಕಾಸಿ ಮಾಡುತ್ತೇವೆ. ಐದು ಹೊತ್ತು ನಮಾಜ್, ಎರಡು ಹೊತ್ತು ಮಕ್ತಬ್, ನಡುವೆ ಮಯ್ಯತ್ತು (ಸಾವು), ನಿಕಾಹ್, ಎಲ್ಲಕ್ಕೂ ಅವರೇ ಬೇಕು. ಅವರ ಮಕ್ಕಳಿಗೂ ಸ್ಕೂಲ್ ಫೀಸ್ ಇದೆ, ಬಾಡಿಗೆ ಇದೆ. ಸಂಬಳ ತಿಂಗಳ ಮೊದಲ ವಾರದಲ್ಲಿ, ಅವರಾಗಿ ಕೇಳುವ ಮುಂಚೆ, ಕವರ್‌ನಲ್ಲಿ ಅಥವಾ ಖಾತೆಗೆ ತಲುಪಬೇಕು. ಹಬ್ಬದ ದಿನ ಎಲ್ಲರ ಮುಂದೆ ಕೈಗೆ ನೋಟು ತುರುಕುವುದು ಗೌರವ ಅಲ್ಲ. ಶಿಕ್ಷಕರಿಂದ ಗುಣ ಬಯಸುವ ಕಮಿಟಿಗಳು ಮೊದಲು ಅವರನ್ನು ಸಾಲದಿಂದ ಪಾರು ಮಾಡಬೇಕು.

ನನಗೆ 45 ವರ್ಷ. ಚಿಕ್ಕಂದಿನಲ್ಲಿ ಕಲಿಯಲಿಲ್ಲ. ಈಗ ಕಾಯ್ದಾ ಹಿಡಿಯಲು ನಾಚಿಕೆ.

ರಾತ್ರಿಯ ಇಶಾ ನಮಾಜ್ ಆದ ಮೇಲೆ ದೊಡ್ಡವರಿಗೆ ಅರ್ಧ ಗಂಟೆ ಕೊಡಲು ಒಪ್ಪುವ ಹಜ್ರತ್‌ಗಳಿದ್ದಾರೆ. ಕೇಳಿ ನೋಡಿ. ಪ್ರವಾದಿಯವರ (ಸ) ಬಹಳಷ್ಟು ಸಂಗಾತಿಗಳು ಕುರ್‌ಆನ್ ಕಲಿತದ್ದು ದೊಡ್ಡವರಾದ ಮೇಲೆಯೇ.

ಶಿಕ್ಷಕರ ನಡತೆ ಬಗ್ಗೆ ಅನುಮಾನ ಬಂದರೆ ಯಾರಿಗೆ ಹೇಳಬೇಕು?

ಕಲಿಸುವ ರೀತಿ, ಟೈಮು, ಗದರಿಕೆ ಅಂಥ ವಿಷಯವಾದರೆ ಮೊದಲು ಅವರ ಹತ್ತಿರವೇ, ಮಕ್ಕಳಿಲ್ಲದಾಗ, ಮರ್ಯಾದೆಯಿಂದ ಮಾತಾಡಿ. ಬಗೆಹರಿಯದಿದ್ದರೆ ಮುತವಲ್ಲಿ (ಮಸೀದಿ ಆಡಳಿತ ನೋಡುವವರು) ಅಥವಾ ಕಮಿಟಿಗೆ ಹೇಳಿ. ಮಗುವಿನ ಮುಂದೆ ಹಜ್ರತ್ ಬಗ್ಗೆ ಹಗುರವಾಗಿ ಆಡಿಕೊಳ್ಳಬೇಡಿ. ಹಾಗೆ ಮಾಡಿದರೆ ಮಗುವಿಗೆ ಪಾಠದ ಮೇಲಿನ ಗೌರವವೂ ಹೋಗುತ್ತದೆ.

ಆದರೆ ಹೊಡೆತ ಬಿದ್ದಿದ್ದರೆ, ಯಾರಾದರೂ ಮಗುವಿನ ಮೈ ಮುಟ್ಟಿ ಅಸಹ್ಯವಾಗಿ ನಡೆದುಕೊಂಡಿದ್ದರೆ, ಕಮಿಟಿ ಮೀಟಿಂಗ್ ತನಕ ಕಾಯಬೇಡಿ. 1098 ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಕೆಲಸ ಮಾಡುತ್ತದೆ. ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದೆ ಮುಚ್ಚಿಡುವುದು 2012ರ ಪೋಕ್ಸೊ ಕಾಯ್ದೆಯಲ್ಲಿ ಅಪರಾಧ. ಮಸೀದಿಯ ಹೆಸರು ಹಾಳಾಗುತ್ತದೆ ಅಂತ ಸುಮ್ಮನಿರಿಸಲು ಬರುವವರ ಮಾತು ಕೇಳಬೇಡಿ. ಮಕ್ತಬ್ ಕೋಣೆಯ ಬಾಗಿಲು ಯಾವಾಗಲೂ ತೆರೆದಿರಬೇಕು, ಒಬ್ಬಂಟಿ ಮಗುವಿಗೆ ಮುಚ್ಚಿದ ಕೋಣೆಯಲ್ಲಿ ಪಾಠ ಬೇಡ ಅನ್ನುವ ನಿಯಮವನ್ನು ಮೊದಲ ದಿನವೇ ಮಾಡಿಕೊಳ್ಳಿ. ಒಳ್ಳೆಯ ಶಿಕ್ಷಕರು ಇದಕ್ಕೆ ಬೇಜಾರಾಗುವುದಿಲ್ಲ, ಅವರೇ ಮುಂದೆ ನಿಂತು ಮಾಡಿಸುತ್ತಾರೆ.

ಯಾವ ಕಾರಣಕ್ಕೇ ಆಗಲಿ ಮಕ್ತಬ್ ಬದಲಿಸಿದರೆ ಮಗುವಿನ ಪಾಠ ನಿಲ್ಲಿಸಬೇಡಿ. ಸಬಕ್ ಯಾವ ಪಾರಾ, ಯಾವ ಪುಟಕ್ಕೆ ಬಂದಿತ್ತು ಅಂತ ಬರೆದಿಟ್ಟುಕೊಂಡು ಹೊಸ ಹಜ್ರತ್‌ಗೆ ಕೊಡಿ.